ಸೀರೆ ಸಹಿ

ಬಳ್ಳಾರಿಯ ನೋಂದಣಿ ಕಚೇರಿಯ ಎದುರಿಗೆ ಒಂದು ಚಹಾದ ಹೋಟೆಲಿತ್ತು. ಚೀನಾಕ್ಕೆ ಅದಿರು ಹೋಗುತ್ತಿದ್ದ ಆ ವರ್ಷಗಳಲ್ಲಿ ಜಿಲ್ಲೆಯ ಹೊಲಗಳು ಮೊದಲು ಆ ಹೋಟೆಲಿನ ಬೆಂಚುಗಳ ಮೇಲೆ ಮಾರಾಟವಾಗಿ, ಆಮೇಲೆ ರಸ್ತೆ ದಾಟಿ ಕಚೇರಿಗೆ ಹೋಗುತ್ತಿದ್ದವು. ನಾನು ಮೊದಲ ಸಲ ಅಲ್ಲಿಗೆ ಹೋದಾಗ ಹೋಟೆಲಿನವನು ‘ಫ್ಯಾಮಿಲಿ’ ಎಂದು ಬರೆದಿದ್ದ ಪರದೆಯ ಹಿಂದೆ ನನ್ನನ್ನು ಕೂರಿಸಿದ. ಪರದೆಯ ಹಿಂದೆ ಕುಳಿತರೆ ವ್ಯವಹಾರ ಸಾಗುವುದಿಲ್ಲವೆಂದು ಹೇಳಿ ನಾನು ಹೊರಗಿನ ಬೆಂಚಿಗೆ ಬಂದೆ. ಅಲ್ಲಿದ್ದ ದಲ್ಲಾಳಿಗಳು ಸರಿದು ಜಾಗ ಕೊಟ್ಟರು. ಅಗತ್ಯಕ್ಕಿಂತ ಬಹಳ ದೂರ ಸರಿದರು.

ನಾನು ಕಲಿಯಲು ಹೊರಟಿದ್ದ ಕಸುಬಿಗೆ ಅಲ್ಲಿ ‘ಅಗ್ರಿಮೆಂಟು ಮಾರುವುದು’ ಎನ್ನುತ್ತಿದ್ದರು. ಅದಕ್ಕೆ ಜಮೀನು ಕೊಳ್ಳುವಷ್ಟು ಬಂಡವಾಳ ಬೇಕಿರಲಿಲ್ಲ. ರೈತನೊಡನೆ ಒಂದು ಬೆಲೆ ಮಾತಾಡಿ, ಬಯಾನ ಎಂಬ ಸಣ್ಣ ಮುಂಗಡ ಕೊಟ್ಟು, ಇಷ್ಟು ತಿಂಗಳೊಳಗೆ ‘ನಾನು ಅಥವಾ ನಾನು ಸೂಚಿಸಿದವರು’ ಖರೀದಿಸುತ್ತೇವೆಂದು ಛಾಪಾ ಕಾಗದದ ಮೇಲೆ ಕರಾರು ಬರೆಸಿಕೊಳ್ಳಬೇಕು. ಅವಧಿ ಮುಗಿಯುವ ಮೊದಲೇ ಹೆಚ್ಚಿನ ಬೆಲೆ ಕೊಡುವ ಗಿರಾಕಿಯನ್ನು ಹುಡುಕಿ, ಆ ಕರಾರನ್ನು ಅವನಿಗೆ ದಾಟಿಸಬೇಕು. ಎರಡು ಬೆಲೆಗಳ ನಡುವಿನ ಅಂತರ ದಲ್ಲಾಳಿಯದು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂಬ ಕಾನೂನು ಆಗ ಜಾರಿಯಲ್ಲಿತ್ತು. ಆದರೆ ಕರಾರು ಖರೀದಿಯಲ್ಲವಾದ್ದರಿಂದ ಆ ಕಾನೂನು ದಲ್ಲಾಳಿಯನ್ನು ಮುಟ್ಟುತ್ತಿರಲಿಲ್ಲ. ನೇಗಿಲು ಹಿಡಿಯದವನು ಹೊಲದ ಬೆಲೆಯನ್ನು ತಿನ್ನಬಹುದಿತ್ತು. ಇದು ಅನ್ಯಾಯವೆಂದು ನನಗೆ ಮೊದಲ ದಿನವೇ ಗೊತ್ತಿತ್ತು.

ಗೊತ್ತಿದ್ದೂ ಅಲ್ಲಿಗೆ ಹೋದದ್ದಕ್ಕೆ ಕಾರಣವಿತ್ತು. ನಾನಿದ್ದ ಮಹಿಳಾ ಸಂಘಟನೆಗೆ ಬರುವವರೆಲ್ಲ ಹೊಲ ಹೋದ ಮೇಲೆ ಬರುತ್ತಿದ್ದರು. ತಾವು ಒಂದು ಬೆಲೆಗೆ ಕೊಟ್ಟ ಜಮೀನು ತಿಂಗಳು ಕಳೆಯುವುದರೊಳಗೆ ಎರಡು ಪಟ್ಟು ಬೆಲೆಗೆ ಹೋಯಿತೆಂದು ಹೇಳಿ ಅಳುತ್ತಿದ್ದರು. ನಾವು ಧರಣಿ ಕೂರುತ್ತಿದ್ದೆವು, ಮನವಿ ಕೊಡುತ್ತಿದ್ದೆವು. ನೋಂದಣಿಯಾದ ಪತ್ರವನ್ನು ಧರಣಿ ಅಳಿಸುವುದಿಲ್ಲ. ಮಾರಾಟಕ್ಕೆ ಮೊದಲೇ ಆ ನಡುವಿನ ಜಾಗದಲ್ಲಿ ಸುಳ್ಳು ಹೇಳದ ಒಬ್ಬರು ಕುಳಿತರೆ ಏನಾದೀತು ಎಂದು ನಾನು ಯೋಚಿಸಿದೆ. ಜೊತೆಗೆ, ಗಣಿಯ ಹಣ ಸತ್ಯನಾರಾಯಣಪೇಟೆಯ ಓಣಿಗಳಿಗೂ ನುಗ್ಗಿ, ನಾನಿದ್ದ ಎರಡು ಕೋಣೆಗಳ ಮನೆಯ ಬಾಡಿಗೆ ನನ್ನ ಕೈಗೆಟುಕದಂತಾಗಿತ್ತು. ಆದರ್ಶವೂ ಅಗತ್ಯವೂ ಒಂದೇ ಬಾಗಿಲನ್ನು ತೋರಿಸಿದವು.

ಆ ಬೆಂಚಿನ ಮೇಲೆ ನನಗೆ ಗುರುವಾದವರು ಒಬ್ಬ ಹಿರಿಯ ದಲ್ಲಾಳಿ. ದನದ ಸಂತೆಯಲ್ಲಿ ಎತ್ತು ಮಾರಿಸಿ, ಆಮೇಲೆ ಎತ್ತು ಹೂಡುವ ಹೊಲಗಳನ್ನೇ ಮಾರಿಸಲು ಬಂದವರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ನಾನು ಅಚ್ಚು ಹಾಕಿಸಿದ್ದ ವಿಸಿಟಿಂಗ್ ಕಾರ್ಡನ್ನು ಅವರು ತಿರುಗಿಸಿ ಮುರುಗಿಸಿ ನೋಡಿ, ಅಲುಗಾಡುತ್ತಿದ್ದ ಬೆಂಚಿನ ಕಾಲಿನಡಿಗೆ ಮಡಚಿ ಇಟ್ಟರು.

“ಈ ಕಾರ್ಡು ಗೀರ್ಡು ಬ್ಯಾಡ ಬೇಟಿ. ಶಾನುಭೋಗಗ ಚಾ ಕುಡಸು, ಬಾಂಡ್ ಬರಿಯಾವಂಗ ಎಲಿ-ಅಡಿಕಿ ಕೊಡು, ಸರ್ವೇದಾವಗ ಮಗಳ ಲಗ್ನ ಯಾವಾಗ ಅಂತ ಕೇಳು. ಜಮೀನು ತಾನ ನಡಕೊಂತ ಬರತೈತಿ.”

ನಾನು ಹಾಗೆಯೇ ಮಾಡಿದೆ, ಲಂಚವೊಂದನ್ನು ಬಿಟ್ಟು. ಬೆಳಗ್ಗೆ ತಾಲೂಕು ಕಚೇರಿ, ಮಧ್ಯಾಹ್ನ ಪತ್ರ ಬರಹಗಾರರ ಮೇಜು, ಸಂಜೆ ಹೋಟೆಲಿನ ಬೆಂಚು. ಪಹಣಿಯಲ್ಲಿ ಸಾಗುವಳಿ ಮಾಡುವವನ ಹೆಸರು ಯಾವ ಅಂಕಣದಲ್ಲಿರುತ್ತದೆ, ಋಣಭಾರ ಪತ್ರದಲ್ಲಿ ಬ್ಯಾಂಕಿನ ಅಡಮಾನ ಹೇಗೆ ಕಾಣಿಸಿಕೊಳ್ಳುತ್ತದೆ, ಖಾತೆ ಬದಲಾವಣೆಗೆ ಯಾರು ಅಡ್ಡ ಬರಬಹುದು ಎಂಬುದನ್ನು ಹೀಗೆ ಕಲಿತೆ. ಜಮೀನನ್ನು ಗುಂಟೆಯಲ್ಲಿ ಕೇಳಿ ನಗೆಪಾಟಲಾಗಿ, ಮದರಾಸು ಕಾಲದಿಂದ ಇಲ್ಲಿ ಉಳಿದ, ಎಕರೆಯನ್ನು ನೂರು ಪಾಲು ಮಾಡುವ ಸೆಂಟ್ಸು ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡೆ.

ಕಲಿಯಲಾಗದ್ದು ಒಂದಿತ್ತು. ಆ ಬೆಂಚಿನ ಮೇಲೆ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದನದ ಸಂತೆಯ ಪದ್ಧತಿಯನ್ನು ಚಾಚಾ ಅಲ್ಲಿಗೂ ತಂದಿದ್ದರು. ಇಬ್ಬರು ಎದುರುಬದುರು ಕುಳಿತು, ಕೈಗಳ ಮೇಲೆ ಟವಲು ಹೊದಿಸಿ, ಬೆರಳು ಹಿಡಿದು ಬೆಲೆ ಹೇಳುವುದು. ಪಕ್ಕದಲ್ಲಿ ಕುಳಿತ ರೈತನಿಗೆ ಕಾಣುವುದು ಟವಲಿನ ಅಲುಗಾಟ ಮಾತ್ರ. ತನ್ನ ಹೊಲದ ಬೆಲೆ ತನ್ನ ಕಣ್ಣೆದುರಿಗೇ ತನಗೆ ತಿಳಿಯದಂತೆ ಏರುತ್ತಿತ್ತು. ರೈತನನ್ನು ವಂಚಿಸುವ ಈ ವ್ಯವಸ್ಥೆಗೆ ಅವರು ಮರ್ಯಾದೆ ಎಂದು ಹೆಸರಿಟ್ಟಿದ್ದರು.

ಸಂಗನಕಲ್ಲಿನ ಕಡೆಯ ಒಂದು ನಿವೇಶನದ ವಿಷಯದಲ್ಲಿ ನನ್ನ ಸರದಿ ಬಂದಾಗ ಚಾಚಾ ಟವಲು ಬಿಚ್ಚಿ, ಮತ್ತೆ ಮಡಚಿದರು.

“ಟವಲ್ ಕೆಳಗ ಕೈ ಕೊಡು ಅಂದ್ರ ತಪ್ಪಾಗತೈತಿ, ಕೊಡಬ್ಯಾಡ ಅಂದ್ರ ಯವ್ವಾರ ಆಗಂಗಿಲ್ಲ. ನಾ ಏನ್ ಮಾಡ್ಲಿ ಬೇಟಿ?”

“ಬಾಯಿಲೆ ಹೇಳ್ರಿ ಚಾಚಾ.”

“ಬಾಯಿಲೆ? ಇದೇನ್ ಬದನಿಕಾಯಿ ಏನ್ಬೇ, ಬಾಯಿಲೆ ರೇಟು ಕೂಗಾಕ?”

ಬೆಂಚಿನವರೆಲ್ಲ ನಕ್ಕರು. ನಗು ನಿಲ್ಲುವವರೆಗೆ ಕಾದು, ಮಾರುವವನು ಕೇಳಿದ ಬೆಲೆ ಇಷ್ಟು, ಕೊಳ್ಳುವವನು ಕೊಡಲು ಒಪ್ಪಿದ್ದು ಇಷ್ಟು ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಮಾರುವವನು ಎದ್ದು ನಿಂತ. ಇಬ್ಬರು ದಲ್ಲಾಳಿಗಳು ಚಹಾ ಬಿಟ್ಟು ಹೋದರು. ನಿವೇಶನ ನನ್ನ ಕೈ ತಪ್ಪಿತು.

“ಒಂದ ಮಾತಿನ್ಯಾಗ ನಾಕ್ ಮಂದಿ ಹೊಟ್ಟಿ ಮ್ಯಾಲೆ ಹೊಡದಿ ನೋಡು,” ಎಂದರು ಚಾಚಾ. ಅವರಿಗೆ ಸಿಟ್ಟಿಗಿಂತ ಮರುಕವೇ ಹೆಚ್ಚಾಗಿ ಬಂದಿತ್ತು. “ಸಾಲಿ ಕಲತದ್ದು ಜಾಸ್ತಿ ಆತು ನಿನಗ.”

ಅವರ ಮಾತು ನಿಜ. ನಾನು ಕಲಿತ ಶಾಲೆಯಲ್ಲಿ ಪ್ರಶ್ನೆ ಕೇಳಿದವರಿಗೆ ಶಿಕ್ಷೆ ಇರಲಿಲ್ಲ, ಕೇಳದವರನ್ನು ಎಬ್ಬಿಸಿ ಕೇಳಿಸುತ್ತಿದ್ದರು. ಬೆಂಚಿನವರು ಅಂದಿನಿಂದ ನನ್ನೊಡನೆ ವ್ಯವಹಾರ ನಿಲ್ಲಿಸಿದರು. ಆದರೆ ಆ ದಿನ ಮೂಲೆಯಲ್ಲಿ ಬನ್ನು ತಿನ್ನುತ್ತ ಕುಳಿತಿದ್ದ ಕುರುಗೋಡಿನ ರೈತನೊಬ್ಬ ರಸ್ತೆಯವರೆಗೆ ನನ್ನ ಹಿಂದೆಯೇ ಬಂದ.

“ಮೇಡಂ, ಬಾಯಿಬಿಟ್ಟು ರೇಟು ಹೇಳೋರು ಈ ಊರಾಗ ನೀವೊಬ್ರ ಕಂಡ್ರಿ. ನಂದೂ ನಮ್ಮ ತಮ್ಮಂದೂ ಕೂಡಿ ರೋಡಿಗೆ ಹತ್ತಿದ ಹೊಲ ಐತಿ. ನೋಡಾಕ ಬರ್ರಿ.”

ಹೊಲ ಕುರುಗೋಡಿನ ಹೊರಗೆ ರಸ್ತೆಗೆ ಮುಖಮಾಡಿತ್ತು. ಎರೆಮಣ್ಣು, ಬಿಳಿಜೋಳ ಕೊಯ್ದು ಕೂಳೆ ಉಳಿದಿತ್ತು. ರಸ್ತೆಯ ಬದಿಯ ಮೂಲೆಯಲ್ಲಿ ಬನ್ನಿಗಿಡ, ಅದರ ಬುಡದಲ್ಲಿ ಸುಣ್ಣ ಬಳಿದ ಐದು ಸಣ್ಣ ಕಲ್ಲುಗಳು. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಬಂದು ಈ ಕಲ್ಲುಗಳಿಗೆ ಪೂಜೆ ಮಾಡಿ, ಸಜ್ಜೆಯ ಕಡುಬು, ಭರ್ತ, ಪುಂಡಿಪಲ್ಯದ ಚರಗವನ್ನು ಬೆಳೆಗೆ ಚೆಲ್ಲಿ ಉಣ್ಣುತ್ತಾರೆ. ಆ ಹೊತ್ತಿನಲ್ಲಿ ಅದು ನನ್ನ ಕಣ್ಣಿಗೆ ರಸ್ತೆಯ ಬದಿಯ ಒಂದು ಮೂಲೆ ಮಾತ್ರ.

ಪಹಣಿಯಲ್ಲಿ ಅಣ್ಣತಮ್ಮಂದಿರ ಜಂಟಿ ಹೆಸರಿತ್ತು. ಋಣಭಾರವಿರಲಿಲ್ಲ. ಗ್ರಾಮಲೆಕ್ಕಿಗ ಕೊಟ್ಟ ವಂಶವೃಕ್ಷದಲ್ಲಿ ತೀರಿಹೋದ ತಂದೆಗೆ ಇಬ್ಬರು ಗಂಡುಮಕ್ಕಳು. “ಮತ್ತೆ ಯಾರೂ ವಾರಸುದಾರರು ಇಲ್ಲಲ್ರಿ?” ಎಂದು ಕೇಳಿದೆ. “ಇಲ್ಲ,” ಎಂದರು ಇಬ್ಬರೂ. ಪತ್ರ ಬರಹಗಾರನ ಮೇಜಿನ ಮೇಲೆ ಕರಾರಾಯಿತು. ಅದರಲ್ಲಿ ನಾನು ಎರಡು ಷರತ್ತುಗಳನ್ನು ಸೇರಿಸಿದೆ. ಕೊನೆಯ ಗಿರಾಕಿ ಹೆಚ್ಚಿಗೆ ಕೊಟ್ಟ ಬೆಲೆಯ ದೊಡ್ಡ ಪಾಲು ರೈತನಿಗೇ ಸೇರಬೇಕು. ಅವಧಿಯೊಳಗೆ ಖರೀದಿ ಮುಗಿಸದಿದ್ದರೆ ನನ್ನ ಮುಂಗಡ ರೈತನಲ್ಲೇ ಉಳಿಯಬೇಕು. ಪತ್ರ ಬರಹಗಾರ ಪೆನ್ನು ಎತ್ತಿ ನನ್ನ ಮುಖ ನೋಡಿದ. “ಇದನ್ನ ನೀವ ಬರಸಾಕತ್ತೀರೋ, ಅವ್ರು ಬರಸಾಕತ್ತಾರೋ?” ಎಂದ. ನಾನೇ ಎಂದೆ. ಹೆಮ್ಮೆಯಿಂದಲೇ ಎಂದೆ.

ಗಿರಾಕಿ ಬೇಗ ಸಿಕ್ಕ. ಪಹಣಿಯಲ್ಲಿ ಕೃಷಿಕನೇ ಆಗಿದ್ದ ಲಾರಿಗಳ ಮಾಲೀಕ, ಅದಿರಿನ ಡಿಪೊ ಇಡಲು ರಸ್ತೆಬದಿಯ ಜಾಗ ಹುಡುಕುತ್ತಿದ್ದವನು. ಹೊಲವನ್ನು ಕಾಲಿನಿಂದ ಅಳೆದು, ಮಣ್ಣನ್ನು ಹಿಮ್ಮಡಿಯಿಂದ ಒತ್ತಿ, ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚಿನ ಬೆಲೆಗೆ ಒಪ್ಪಿದ. ಡಿಪೊ ಮಾಡುವವನಿಗೆ ಎರೆಭೂಮಿಯನ್ನು ಕೊಡುವುದು ನನ್ನ ಮನಸ್ಸಿಗೆ ಹಿತವಾಗಿರಲಿಲ್ಲ. ಆದರೆ ಅಣ್ಣತಮ್ಮಂದಿರು ಮಾರುವುದೆಂದು ನಿಶ್ಚಯಿಸಿಬಿಟ್ಟಿದ್ದರು. ಯಾರಿಗೆ ಮಾರಬೇಕೆನ್ನುವ ಹಕ್ಕು ಅವರದೆಂದು ನಾನು ನನಗೇ ಹೇಳಿಕೊಂಡೆ. ನಾನು ಬೆಲೆಯನ್ನು ಅಲ್ಲೇ, ಬದುವಿನ ಮೇಲೆ ನಿಂತೇ ಅಣ್ಣತಮ್ಮಂದಿರಿಗೆ ತಿಳಿಸಿದೆ. ಅಣ್ಣನ ಕಣ್ಣಲ್ಲಿ ನೀರು ಬಂತು. ಊಟ ಮಾಡದೆ ಹೋಗಬಾರದೆಂದು ಮನೆಗೆ ಕರೆದೊಯ್ದ.

ಅಣ್ಣನ ಹೆಂಡತಿ ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ ಬಡಿಸುತ್ತ, ಗಂಡನನ್ನಲ್ಲ, ನನ್ನನ್ನೇ ನೋಡಿ ಕೇಳಿದಳು.

“ಹೊಲ ಹೋದ್ರ ನಮ್ಮ ನಾದಿನಿಗೆ ಏನ್ ಹೇಳೂದ್ರಿ ಅಕ್ಕಾರ? ಎಳ್ಳಮಾಸಿಗೆ ತಪ್ಪಿಲ್ದ ಬರ್ತಾಳ. ಚರಗ ಎಲ್ಲಿ ಚೆಲ್ಲಬೇಕು ಆಕಿ, ಲಾರಿ ಮ್ಯಾಲೇನು?”

“ಯಾವ ನಾದಿನಿರಿ?”

ಅಣ್ಣ ನೀರಿನ ತಂಬಿಗೆ ಕೆಳಗಿಟ್ಟ. “ಆಕಿದೇನ್ರಿ ಮೇಡಂ. ಲಗ್ನ ಮಾಡಿ ಕೊಟ್ಟೀವಿ. ಸಿರುಗುಪ್ಪ ಕಡಿ ಕೆಂಚನಗುಡ್ಡದಾಗ ಅದಾಳ.”

“ವಾರಸುದಾರರು ಯಾರೂ ಇಲ್ಲ ಅಂದ್ರಿ.”

“ವಾರಸುದಾರರು ಇಲ್ಲ ಅಂದೆ. ತಂಗಿ ಇಲ್ಲ ಅನಲಿಲ್ಲ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಂಗೆಡಿಸಿತು. ಮಗಳಿಗೂ ಸಮಪಾಲೆಂದು ಕಾನೂನು ಹೇಳಿ ವರ್ಷಗಳಾಗಿದ್ದವು. ಆ ಕಾನೂನು ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಗ್ರಾಮಲೆಕ್ಕಿಗ ಅವಳನ್ನು ಬಿಟ್ಟ, ಅಣ್ಣಂದಿರು ಬಿಟ್ಟರು, ಸಮಾನತೆಯ ಬಗ್ಗೆ ಊರೂರಿನಲ್ಲಿ ಭಾಷಣ ಮಾಡಿದ ನಾನೂ ‘ವಾರಸುದಾರರು’ ಎಂದು ಕೇಳಿದೆನೇ ಹೊರತು ‘ಅಕ್ಕತಂಗಿಯರು’ ಎಂದು ಕೇಳಲಿಲ್ಲ.

ಡಿಪೊದವನ ವಕೀಲ ಅಷ್ಟರಲ್ಲಿ ಇದೇ ಪ್ರಶ್ನೆ ಎತ್ತಿದ್ದ. ತಂಗಿಯಿದ್ದರೆ ಹಕ್ಕು ಬಿಡುಗಡೆ ಪತ್ರಕ್ಕೆ ಅವಳ ಸಹಿ ಬೇಕೇ ಬೇಕೆಂದ. ನಾನು ಚಾಚಾ ಬಳಿ ಹೋದೆ. ಅವರಿಗೆ ಅದು ದೊಡ್ಡ ವಿಷಯವೇ ಆಗಿರಲಿಲ್ಲ.

“ಅದಕ್ಕ ನಾವು ಸೀರಿ ಸಹಿ ಅಂತೀವಿ. ಅಣ್ಣ ಹೋಗಿ ತಂಗಿನ ಕರಕೊಂಡು ಬರ್ತಾನ. ಛಲೋ ಸೀರಿ, ಕುಬಸ, ಹೋಟೆಲ್ನ್ಯಾಗ ಊಟ. ಹೆಬ್ಬಟ್ಟು ಒತ್ತಿ ನಕ್ಕೊಂತ ಬಸ್ಸು ಹತ್ತತಾಳ. ನಮ್ಮ ಮನ್ಯಾಗೂ ಹಂಗ ಆಗೇತಿ. ನಮ್ಮ ಶರಿಯತ್ತಿನ್ಯಾಗ ಹೆಣ್ಣಿಗೆ ಪಾಲು ಐತಿ, ನಿಮ್ಮ ಕಾನೂನಿನ್ಯಾಗ ಐತಿ. ಪಾಲು ಎಲ್ಲಾ ಕಡಿ ಐತಿ ಬೇಟಿ, ಕೊಟ್ಟಾರ ಯಾರು?”

“ಆಕಿಗೆ ರೇಟು ಗೊತ್ತಿರತೈತೇನ್ರಿ?”

“ರೇಟು ಗೊತ್ತಾದ್ರ ಅದು ಸೀರಿ ಸಹಿ ಹೆಂಗಾಗತೈತಿ?”

ಜಾತಿ ಧರ್ಮಗಳೆಲ್ಲ ಬೇರೆ ಬೇರೆ ಇರುವ ಈ ನಾಡಿನಲ್ಲಿ ಮಗಳ ಪಾಲನ್ನು ನುಂಗುವ ಕ್ರಮವೊಂದೇ ಎಲ್ಲರಿಗೂ ಸಮಾನವಾಗಿತ್ತು.

ಮಾರನೆಯ ದಿನ ಸಿರುಗುಪ್ಪದ ಬಸ್ಸು ಹತ್ತಿದೆ. ಕೆಂಪು ಧೂಳು ಮೆತ್ತಿದ ಗಿಡಗಳು ಹಿಂದೆ ಉಳಿದು, ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿಗಳ ಹೊಗೆಗೊಳವೆ ಬಂದವು. ಕೆಂಚನಗುಡ್ಡದಲ್ಲಿ ತುಂಗಭದ್ರೆಯ ಕಡೆಗಿನ ಗದ್ದೆಯ ಬದುವಿನ ಮೇಲೆ ಅವಳು ನಿಂತಿದ್ದಳು. ನಾಟಿ ಹಚ್ಚುವ ಹೆಂಗಸರ ಗುಂಪಿಗೆ ಅವಳು ಮೇಸ್ತ್ರಿ. ಗದ್ದೆಯ ಯಜಮಾನನೊಡನೆ ಕೂಲಿಯ ಮಾತು ನಡೆದಿತ್ತು.

“ಏಯ್ ಗೌಡ್ರ, ಹೋದ ವರ್ಷದ ರೇಟು ಹೋದ ವರ್ಷದ ನೀರಿನ್ಯಾಗ ಹೋತು. ಕೊಡಂಗಿದ್ರ ಕೊಡ್ರಿ, ಇಲ್ಲಂದ್ರ ನೀವ ಪಂಚಿ ಎತ್ತಿ ಕಟ್ಟಿ ಇಳೀರಿ, ನಾವು ಬದುವಿನ ಮ್ಯಾಲೆ ಕುಂತು ಹಾಡ ಹೇಳ್ತೀವಿ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ಯಜಮಾನ ಅವಳು ಕೇಳಿದಷ್ಟಕ್ಕೇ ಒಪ್ಪಿದ. ಟವಲು ಇರಲಿಲ್ಲ, ಬೆಲೆ ಇಡೀ ಗದ್ದೆಗೆ ಕೇಳಿಸಿತ್ತು. ನಾನು ಹುಡುಕುತ್ತಿದ್ದ ಮನುಷ್ಯರು ಇಲ್ಲಿದ್ದಾರೆ ಎನಿಸಿತು.

ಕೈಕಾಲು ತೊಳೆದು ಬಂದವಳಿಗೆ ನಾನು ಯಾರು, ಏಕೆ ಬಂದೆ ಎಂಬುದನ್ನೆಲ್ಲ ಹೇಳಿದೆ. ಅಣ್ಣಂದಿರಿಗೆ ಬರುವ ಬೆಲೆ, ಡಿಪೊದವನು ಕೊಡುವ ಬೆಲೆ, ಕಾನೂನಿನಂತೆ ಅವಳಿಗೆ ಬರಬೇಕಾದ ಪಾಲು. ಅವಳು ಪಾಲಿನ ಅಂಕಿಯನ್ನು ಒಮ್ಮೆ ತಿರುಗಿ ಹೇಳಿಸಿದಳು. ಆಮೇಲೆ ಉಗುರಿನ ಸಂದಿಯಲ್ಲಿ ಉಳಿದಿದ್ದ ಕೆಸರನ್ನು ಕೆರೆದಳು.

“ಇಷ್ಟು ರೊಕ್ಕಾ ಬರತೈತಿ ಅಂತ ನನಗ್ಯಾಕ ಹೇಳಿದ್ರಿ ಅಕ್ಕಾರ?”

“ನಿಮ್ಮ ಹಕ್ಕು ಅದು.”

“ಹಕ್ಕು ನಂದು, ಖರೆ. ನಾ ಕೇಳಿದ್ರ ನನ್ನ ತವರು ಮನಿ ಬಾಗಲಾ ಮುಚ್ಚತೈತಿ, ಅದೂ ಖರೆ. ರೊಕ್ಕ ಬ್ಯಾಡ. ಆ ಬನ್ನಿಗಿಡದ ಮೂಲಿ ಐತಲ್ರಿ, ಐದು ಕಲ್ಲು ಇರೋದು, ಅದೊಂದು ಹತ್ತು ಸೆಂಟ್ಸು ನನ್ನ ಹೆಸರಿಗಿ ಬಿಡಸ್ರಿ. ವರ್ಷಕ್ಕೊಮ್ಮಿ ಬಂದು ಚರಗ ಚೆಲ್ಲಿ ಹೋಗ್ತೀನಿ. ಅಷ್ಟು ಬಿಟ್ರ ನಕ್ಕೊಂತ ಸಹಿ ಮಾಡ್ತೀನಿ.”

“ಪಾಲು ಅದಕ್ಕಿಂತ ಭಾಳ ದೊಡ್ಡದೈತ್ರಿ.”

“ನನಗ ಲೆಕ್ಕ ಬರತೈತ್ರಿ ಅಕ್ಕಾರ,” ಎಂದಳು. ದನಿಯಲ್ಲಿ ಸ್ವಲ್ಪ ಬಿಸಿಯಿತ್ತು.

ನಾನು ಆ ಹತ್ತು ಸೆಂಟ್ಸನ್ನು ಹಿಡಿದು ಬಳ್ಳಾರಿಗೆ ಮರಳಿದೆ. ಭೂಮಾಪಕನಿಂದ ನಕ್ಷೆ ಮಾಡಿಸಿ, ಆ ಮೂಲೆಯನ್ನು ಬೇರೆ ಮಾಡಿ, ಉಳಿದದ್ದನ್ನು ಮಾರುವುದು ಕಷ್ಟದ ಕೆಲಸವಲ್ಲ. ಡಿಪೊದವನಿಗೆ ನಕ್ಷೆ ತೋರಿಸಿದೆ. ಅವನು ಗೌರವದಿಂದಲೇ ಕೇಳಿಸಿಕೊಂಡ.

“ಅಮ್ಮಾ, ನೀವು ಹೊಲದ ನಡುವ ಕೇಳ್ರಿ, ಹಿಂದ ಕೇಳ್ರಿ, ಕೊಡ್ತೀನಿ. ಆ ಮೂಲಿ ಮಾತ್ರ ಆಗಂಗಿಲ್ಲಮ್ಮಾ. ಲಾರಿ ತಿರಗೋದ ಅಲ್ಲಿ. ಬಾಗಲಾ ಬಿಟ್ಟು ಮನಿ ಕೊಂಡಂಗ ಆಗತೈತಿ.”

ಹೊಲದ ಹಿಂದಿನ ತುದಿಯಲ್ಲಿ ಅಷ್ಟೇ ಜಾಗವಾದರೆ ಆದೀತೇ ಎಂದು ಕೇಳಲು ಮತ್ತೆ ಕೆಂಚನಗುಡ್ಡಕ್ಕೆ ಹೋದೆ. ಅವಳು ತಲೆಯಾಡಿಸಿದಳು. ಕಲ್ಲು ಇರುವಲ್ಲಿಯೇ ಇರಬೇಕು. ಅವನ್ನು ಅಲ್ಲಿಟ್ಟವಳು ಅವಳ ಅವ್ವ. ಹಿಂದೆ ಇಟ್ಟರೂ ಅಲ್ಲಿಗೆ ಹೋಗಲು ಅದಿರಿನ ರಾಶಿಗಳನ್ನು ದಾಟಬೇಕು, ಕಾವಲುಗಾರನ ಅಪ್ಪಣೆ ಕೇಳಬೇಕು. ಅವಳ ಮಾತು ಸರಿಯಾಗಿತ್ತು.

ಕುರುಗೋಡಿನಲ್ಲಿ ಅಣ್ಣನ ಮುಖ ಗುರುತು ಸಿಗದಷ್ಟು ಬದಲಾಗಿತ್ತು.

“ನೀವು ನಮ್ಮ ಪರವಾಗಿ ಬಂದೋರೋ, ಮನಿ ಒಡ್ಯಾಕ ಬಂದೋರೋ? ಆಕಿ ಎಂದೂ ಒಂದು ಮಾತು ಕೇಳಿದಾಕಿ ಅಲ್ಲ. ನೀವು ಹೋಗಿ ರೇಟು ಕಿವ್ಯಾಗ ಊದಿದ್ರಿ.”

“ರೇಟು ನಿಮಗೂ ಊದಿದ್ದೆ. ಅವತ್ತು ನಿಮ್ಮ ಕಣ್ಣಾಗ ನೀರು ಬಂದಿತ್ತು.”

ಬಾಯಿಬಿಟ್ಟು ಬೆಲೆ ಹೇಳುವವಳೆಂದೇ ನನ್ನನ್ನು ಹುಡುಕಿ ಬಂದಿದ್ದವನು. ದಲ್ಲಾಳಿ ತನ್ನಿಂದ ಬಚ್ಚಿಟ್ಟರೆ ಮೋಸ. ತಾನು ತಂಗಿಯಿಂದ ಬಚ್ಚಿಟ್ಟರೆ ಸಂಪ್ರದಾಯ. ಈ ಎರಡರ ನಡುವೆ ಅವನಿಗೆ ಯಾವ ಸಂಬಂಧವೂ ಕಾಣಲಿಲ್ಲ. ಒಲೆಯ ಮುಂದಿದ್ದ ಅವನ ಹೆಂಡತಿ ಈ ಸಲ ರೊಟ್ಟಿ ಬಡಿಸಲಿಲ್ಲ.

ಕರಾರಿನ ಅವಧಿ ಕರಗುತ್ತಿತ್ತು. ಚಾಚಾ ಮಾತ್ರ ಇನ್ನೂ ನನ್ನ ಹಿತ ಬಯಸುತ್ತಿದ್ದರು.

“ನೀ ಏನೂ ಮಾಡಬ್ಯಾಡ. ಕರಾರನ್ನ ಡಿಪೊದಾವನ ಹೆಸರಿಗೆ ದಾಟಿಸು, ನಿನ್ನ ಪಾಲು ತಗೊಂಡು ಮನಿಗಿ ಹೋಗು. ತಂಗಿ ಸಹಿ ಅಣ್ಣನ ಜವಾಬ್ದಾರಿ. ನೀ ನೋಡಾಕ ಹೋಗಬ್ಯಾಡ, ನಿನಗ ಪಾಪ ಹತ್ತಂಗಿಲ್ಲ.”

ಆ ದಾರಿ ತೆರೆದೇ ಇತ್ತು. ಒಂದು ಸಹಿ ಹಾಕಿದ್ದರೆ ಬಾಡಿಗೆಯ ಚಿಂತೆ ವರ್ಷಗಟ್ಟಲೆ ಇರುತ್ತಿರಲಿಲ್ಲ. ಆದರೆ ‘ನಾನು ಸೂಚಿಸಿದವರು’ ಎಂದು ಬರೆಸಿದ್ದವಳು ನಾನು. ಸೂಚಿಸುವ ಕೈಯೂ ನನ್ನದೇ. ಆ ಮೂಲೆಯನ್ನು ಬಿಡದವನನ್ನು ಸೂಚಿಸುವುದಿಲ್ಲವೆಂದು ನಿರ್ಧರಿಸಿದೆ. ಡಿಪೊದವನಿಗೆ ಹಾಗೆಂದು ತಿಳಿಸಿದೆ. ಅವನು ಕೈಮುಗಿದು ಹೋದ. ಅವಧಿ ತೀರಿತು. ರೈತನ ರಕ್ಷಣೆಗೆಂದು ನಾನೇ ಬರೆಸಿದ್ದ ಷರತ್ತಿನಂತೆ ನನ್ನ ಮುಂಗಡ ಅಣ್ಣತಮ್ಮಂದಿರಲ್ಲಿ ಉಳಿಯಿತು. ವಾರಸುದಾರಳನ್ನು ಮರೆಮಾಚಿದ ಕಾರಣಕ್ಕೆ ದಾವೆ ಹೂಡಿ ಅದನ್ನು ಮರಳಿ ಪಡೆಯಬಹುದೆಂದು ಪರಿಚಯದ ವಕೀಲರೊಬ್ಬರು ಹೇಳಿದರು. ತಂಗಿಯ ಹಕ್ಕನ್ನು ನನ್ನ ಹಣ ವಾಪಸು ಪಡೆಯುವ ಸಾಧನವಾಗಿಸಲು ನನಗೆ ಮನಸ್ಸಾಗಲಿಲ್ಲ.

ಆದರೆ ಅಲ್ಲಿಗೇ ಬಿಡಲೂ ಇಲ್ಲ. ಖಾತೆ ಬದಲಾವಣೆಯಾಗದಂತೆ ತಾಲೂಕು ಕಚೇರಿಯಲ್ಲಿ ತಕರಾರು ಅರ್ಜಿ ಹಾಕಬಹುದಿತ್ತು. ಅದು ಹಕ್ಕುದಾರಳ ಹೆಸರಿನಲ್ಲೇ ಇರಬೇಕು. ಅರ್ಜಿ ಸಿದ್ಧಪಡಿಸಿ, ಓದಿ ಹೇಳಲು ಕೆಂಚನಗುಡ್ಡಕ್ಕೆ ಹೋದೆ. ಅವಳು ಪೂರ್ತಿ ಕೇಳಿದಳು. ಪೆನ್ನು ಕೈಗೆ ತೆಗೆದುಕೊಳ್ಳಲಿಲ್ಲ.

“ನಿನ್ನೆ ಅಣ್ಣ ಬಂದಿದ್ದ. ಅವಂಗೂ ನನ್ನ ಸಹಿ ಬೇಕು. ನಿಮಗೂ ನನ್ನ ಸಹಿ ಬೇಕು.” ಅವಳು ಅರ್ಜಿಯನ್ನು ಮಡಚಿ ನನ್ನ ಚೀಲದಲ್ಲೇ ಇಟ್ಟಳು. “ನಾ ಯಾರಿಗೆ ಬೇಕ್ರಿ ಅಕ್ಕಾರ?”

ಊರಿಗೆ ಮರಳುವ ಬಸ್ಸು ಬರುವವರೆಗೆ ಅವಳು ನನ್ನ ಜೊತೆಯಲ್ಲೇ ನಿಂತಿದ್ದಳು.

ಕೆಲವು ವಾರಗಳ ಮೇಲೆ ಹೋಟೆಲಿನ ಮುಂದೆ ಹಾದುಹೋಗುವಾಗ ಚಾಚಾ ಕೂಗಿ ಕರೆದರು. ಕುರುಗೋಡಿನ ಹೊಲ ನೋಂದಣಿಯಾಯಿತೆಂದರು. ನಡುವೆ ಕುಳಿತವರು ಅವರೇ. “ನೀ ಬಿಟ್ಟಿದ್ದನ್ನ ನಾ ಎತ್ತಿಕೊಂಡೆ, ಸಿಟ್ಟಾಗಬ್ಯಾಡ. ನಾ ಬಿಟ್ಟಿದ್ರ ಮತ್ತೊಬ್ಬ ಎತ್ತಿಕೊಂತಿದ್ದ.” ಅವರ ಮಟ್ಟಿಗೆ ಅದು ಕ್ಷಮಾಪಣೆಯಾಗಿತ್ತು. ಚಹಾ ತರಿಸಿದರು. ನಾನು ಕುಡಿಯಲಿಲ್ಲ. ನಾನು ಮತ್ತೆ ಆ ಬೆಂಚಿನ ಮೇಲೆ ಕುಳಿತದ್ದಿಲ್ಲ. ಕರಾರಿನ ಛಾಪಾ ಕಾಗದವನ್ನು ಮತ್ತೆ ಕೊಂಡದ್ದಿಲ್ಲ. ಬಾಡಿಗೆಯ ಮನೆಯನ್ನು ಬಿಟ್ಟು ಊರ ಹೊರಗಿನ ಒಂದು ಕೋಣೆಗೆ ಹೋದೆ.

ಎಳ್ಳಮಾವಾಸ್ಯೆ ಕಳೆದ ಮೇಲೆ ಸಂಘಟನೆಯ ಕೆಲಸಕ್ಕೆ ಸಿರುಗುಪ್ಪಕ್ಕೆ ಹೋಗಬೇಕಾಯಿತು. ಹೋಗಬಾರದೆಂದುಕೊಂಡೇ ಕೆಂಚನಗುಡ್ಡಕ್ಕೂ ಹೋದೆ. ಅವಳು ಮನೆಯ ಮುಂದೆ ಸಸಿಯ ಬೀಜದ ಭತ್ತವನ್ನು ಕೇರುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟು ನಕ್ಕಳು. ನಾನು ಏನು ಕೇಳಬೇಕೆಂದು ಬಂದಿದ್ದೆನೋ ಅದನ್ನು ಕೇಳುವ ಮೊದಲೇ ಹೇಳತೊಡಗಿದಳು.

“ಎಳ್ಳಮಾಸಿಗೆ ಕರದಿದ್ರು, ಹೋಗಿದ್ದೆ. ಕಡುಬು ಮಾಡಿದ್ವಿ, ಭರ್ತ ಮಾಡಿದ್ವಿ. ಚರಗ ಹಿತ್ತಲದಾಗ ಚೆಲ್ಲಿದ್ವಿ. ಅತ್ತಿಗಿ ಅತ್ತಳು. ಹೊಲದ ಕಡಿ ಹೋಗಬ್ಯಾಡ ಅಂದ ಅಣ್ಣ. ನಾ ಬಸ್ಸಿನ್ಯಾಗಿಂದ ನೋಡಿದೆ. ಬನ್ನಿಗಿಡ ಇಲ್ಲ. ಎಲ್ಲಾ ಕೆಂಪಗ ಗುಡ್ಡಾ ಹಾಕ್ಯಾರ.”

“ಸಹಿ ಮಾಡಿದ್ರಿ.”

“ಮಾಡಿದೆ.” ಅವಳು ನನ್ನ ಮುಖವನ್ನೇ ನೋಡಿದಳು. “ಅಣ್ಣ ಒಂದು ಸೀರಿ ಹಿಡಕೊಂಡು ಬಂದಿದ್ದ. ಅಣ್ಣಾ, ನನಗ ರೇಟು ಗೊತ್ತೈತಿ ಅಂದೆ. ಮಾರಿ ಬಿಳುಪಾತು ಅವಂದು. ಸುಮ್ನ ಹೋಗಿ ಮರುದಿನ ಇನ್ನೊಂದು ಸೀರಿ ತಂದ. ಎರಡು ಸೀರಿ ಕೊಟ್ಟ ಅಕ್ಕಾರ! ನಮ್ಮ ಓಣ್ಯಾಗ ಯಾರಿಗೂ ಎರಡು ಸಿಕ್ಕಿಲ್ಲ.”

ಅವಳು ತಮಾಷೆ ಮಾಡುತ್ತಿದ್ದಳೋ, ನಿಜಕ್ಕೂ ಹೆಮ್ಮೆಪಡುತ್ತಿದ್ದಳೋ ನನಗೆ ತಿಳಿಯಲಿಲ್ಲ. ಯಜಮಾನನನ್ನು ಬದುವಿನ ಮೇಲೆ ನಿಲ್ಲಿಸಿ ಕೂಲಿ ಏರಿಸಿದ ಹೆಂಗಸು ಇವಳೇ.

ಒಳಗೆ ಹೋಗಿ ಟ್ರಂಕು ತೆಗೆದ ಸದ್ದಾಯಿತು. ಪ್ಲಾಸ್ಟಿಕ್ ಚೀಲದಲ್ಲಿದ್ದ ಹಸಿರು ಸೀರೆಯೊಂದನ್ನು ಹೊರತಂದು, ಅದರ ಮೇಲೆ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟಳು. ನನ್ನ ಹಣೆಗೆ ಕುಂಕುಮ ಹಚ್ಚಿದಳು.

“ಒಂದು ನಂದು. ಇದು ನಿಮ್ಮಿಂದ ಬಂದಿದ್ದು, ನಿಮಗ ಇಟ್ಟೀನಿ.”

“ಬ್ಯಾಡ್ರಿ.”

“ಬ್ಯಾಡ ಅನಬ್ಯಾಡ್ರಿ. ಕಮಿಷನ್ ಬ್ಯಾಡ ಅನ್ನೋ ದಲ್ಲಾಳಿ ಯಾರರ ಅದಾರೇನ್ರಿ? ಸೆರಗು ಒಡ್ಡರಿ.”

ಆ ದಂಧೆಯಲ್ಲಿ ನನ್ನ ಕೈಗೆ ಬಂದ ಗಳಿಕೆ ಅದೊಂದೇ. ಚೀಲದ ಮೇಲಿಂದಲೇ ಕಾಣುವಂತೆ, ಸೀರೆಯ ಅಂಚಿನಲ್ಲಿ ಬಳ್ಳಾರಿಯ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು. ಅದನ್ನು ಕೀಳುವ ಅಗತ್ಯ ಅವಳ ಅಣ್ಣನಿಗೆ ಕಂಡಿರಲಿಲ್ಲ. ಆ ಹೊಲದ ವ್ಯವಹಾರದಲ್ಲಿ ಯಾರೂ ಅವಳಿಂದ ಬಚ್ಚಿಡಲು ಯತ್ನಿಸದ ಬೆಲೆ ಅದು. ನಾನು ಸೆರಗು ಒಡ್ಡಿದೆ.